ಪರೀಕ್ಷೆಯಿಲ್ಲದ ಸೀಟು

ಮೆಟ್ಟಿಲು ಹತ್ತುವಾಗಲೇ ಅಮೂಲ್ಯಾಳಿಗೆ ಅನುಮಾನ ಬಂತು. ಕಾಲೇಜಿನ ಸಂದರ್ಶನ ಎಂದ ಮೇಲೆ ಫೈಲು ಹಿಡಿದ ಇನ್ನೂ ನಾಲ್ಕು ಜನ ಇರಬೇಕಲ್ಲ? ಲಿಂಗಸುಗೂರಿನ ಈ ಲಾಡ್ಜಿನ ಮಹಡಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

‘ಉಳಿದವ್ರೆಲ್ಲಿ ಅಪ್ಪಾ?’

‘ಮುಂಜಾನೆನ ಮುಗಿಸ್ಕೊಂಡು ಹೋಗ್ಯಾರ. ನೀ ನಡಿ,’ ಎಂದ ಪಂಪಾಪತಿ. ಮಸ್ಕಿಯಲ್ಲಿ ಅವನದು ಗೊಬ್ಬರದ ಅಂಗಡಿ. ಗಿರಾಕಿಗೆ ಉತ್ತರ ಕೊಟ್ಟ ಹಾಗೆಯೇ ಮಗಳಿಗೂ ಕೊಡುತ್ತಿದ್ದ.

ಎಂ.ಬಿ.ಎ. ಮಾಡುವ ತನಕ ಬೇರೆ ಮಾತೇ ಬೇಡ ಎಂದು ಹಟ ಹಿಡಿದ ಹುಡುಗಿ ಅವಳು. ಹಣೆಬರಹ ನೋಡಿ, ಹೋದ ವರ್ಷ ಪ್ರವೇಶ ಪರೀಕ್ಷೆಯ ದಿನವೇ ಅಪ್ಪನ ಕಾರು ಕೆಟ್ಟಿತು. ಈ ವರ್ಷ ಅದೇ ದಿನ ಅವ್ವನಿಗೆ ಎದೆನೋವು ಬಂತು. ಕೊನೆಗೆ ಪರೀಕ್ಷೆ ಕೇಳದ ಕಾಲೇಜೊಂದನ್ನು ಅಪ್ಪನೇ ಹುಡುಕಿದ. ಬರೀ ಸಂದರ್ಶನ. ಇದೂ ಕೈತಪ್ಪಿದರೆ ಓದಿನ ಹೆಸರೆತ್ತುವುದಿಲ್ಲ ಎಂದು ಅವಳು ಮಾತು ಕೊಟ್ಟಿದ್ದಳು.

ಹಾಗಂತ ಅವಳೇನೂ ಪೆದ್ದಿಯಲ್ಲ. ಸಿಂಧನೂರಿನ ಗೆಳತಿ ಅಶ್ವಿನಿಗೆ ಇಂಥದೇ ಸೀಟಿನ ಆಸೆ ತೋರಿಸಿ ಒಬ್ಬ ದಲ್ಲಾಳಿ ನಾಮ ಹಾಕಿದ್ದ. ದುಡ್ಡು ಕೇಳಿದರೆ ಎದ್ದು ಬಂದುಬಿಡಬೇಕೆಂದು ನಿರ್ಧರಿಸಿಯೇ ಅಪ್ಪನ ಜೊತೆ ಒಳಗೆ ಹೋದಳು.

ಒಳಗೆ ಮೂವರಿದ್ದರು. ಗತ್ತಿನ ಹೆಂಗಸು, ಬಿಳಿ ಅಂಗಿಯ ಹಿರಿಯ, ತುಟಿ ಬಿಚ್ಚದ ಒಬ್ಬ ಯುವಕ.

‘ಆ ಕಿಟಕಿ ತೆಗಿಯವಾ,’ ಎಂದಳು ಹೆಂಗಸು.

ನಡೆನುಡಿಗೂ ಅಂಕ ಇರುತ್ತದೆಂದು ಅಮೂಲ್ಯಾ ಓದಿದ್ದಳು. ಸೀರೆಯ ನೆರಿಗೆ ಹಿಡಿದು ಅವಸರವಿಲ್ಲದೆ ನಡೆದುಹೋಗಿ ತೆಗೆದಳು. ಮನೆತನ, ಮನೆದೇವರು ಎಲ್ಲ ಕೇಳಿದರು. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರೂ ಇದನ್ನು ಕೇಳದೆ ಬಿಡುವುದಿಲ್ಲ. ಅವಳಿಗೆ ವಿಚಿತ್ರವೆನಿಸಲಿಲ್ಲ.

‘ಹತ್ತು ಮಂದಿ ಕೂಡಿದಲ್ಲಿ ಜಗಳ ಬಂದ್ರ ಏನ್ ಮಾಡ್ತಿ?’ ಹಿರಿಯ ಕೇಳಿದ.

‘ಎಲ್ಲಾರ ಮಾತೂ ಕೇಳ್ತೀನ್ರೀ. ನಾ ಸೋತ್ರೂ ಕೆಲಸ ಕೆಡಬಾರದು.’

‘ಮ್ಯಾಲಿಂದ ಮ್ಯಾಲ ಊರಿಗೆ ಬರಾಕ ಆಗಂಗಿಲ್ಲ.’

‘ಹೊಂದ್ಕೊಂತೀನ್ರೀ.’

ಕನ್ನಡಿಯ ಮುಂದೆ ನಿಂತು ಉರು ಹೊಡೆದ ಉತ್ತರಗಳು. ಒಂದೂ ತಡವರಿಸಲಿಲ್ಲ. ದುಡ್ಡಿನ ಮಾತನ್ನು ಯಾರೂ ಎತ್ತಲಿಲ್ಲ. ಅವಳ ಅನುಮಾನ ಕರಗಿತು. ಧೈರ್ಯ ಬಂದು ತಾನೇ ಕೇಳಿದಳು.

‘ಶುರು ಯಾವಾಗ್ರೀ?’

‘ಆಷಾಢ ಕಳೀಲಿ,’ ಎಂದು ಹೆಂಗಸು ನಕ್ಕಳು. ಅಪ್ಪನೂ ನಕ್ಕ.

ಅಂದರೆ ಸೀಟು ಸಿಕ್ಕಿತು. ಸಂತೋಷದಿಂದ ಅಮೂಲ್ಯಾ ಫೈಲನ್ನು ಅಪ್ಪನ ಕೈಗಿಟ್ಟಳು. ಬಗ್ಗಿ ಮೂವರ ಕಾಲಿಗೂ ನಮಸ್ಕಾರ ಮಾಡಿದಳು, ತನ್ನ ವಯಸ್ಸಿನವನಂತಿದ್ದ ಆ ಯುವಕನನ್ನೂ ಬಿಡದೆ. ಅವನು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಹೆಂಗಸು ಅವಳನ್ನು ಹಿಡಿದೆತ್ತಿ ಹಣೆಗೆ ಕುಂಕುಮ ಹಚ್ಚಿದಳು. ಚೀಲದಿಂದ ರವಿಕೆಗೆ ಕುಬಸದ ಕಣ, ತೆಂಗಿನಕಾಯಿ ತೆಗೆದು ಅವಳ ಉಡಿಗೆ ಹಾಕಿದಳು. ಆಮೇಲೆ ಪಂಪಾಪತಿಯ ಕಡೆ ತಿರುಗಿದಳು.

‘ಇಷ್ಟ ಶಾಣ್ಯಾಕಿ ಅದಾಳ. ಇನ್ನ ಓದ್ಸೋದು ಯಾತಕ್ಕ, ಬೀಗರ?’