ಭರಣಿಯಲ್ಲಿಟ್ಟ ಕೈಚಳಕ

ಟವೆಲ್ ಸುತ್ತಿ ತಿರುಗಿಸಿದ ಮೇಲೆ ಭರಣಿಯ ಮುಚ್ಚಳ ಬಿಟ್ಟಿತು. ಮಾಬೂಬಿ ಅಕ್ಕ ಬಲಗೈಯನ್ನು ಮಣಿಕಟ್ಟಿನವರೆಗೆ ಒಳಗಿಳಿಸಿ, ನೂರು ಎಣಿಸಿ, ಹೊರತೆಗೆದರು. ಹಳೆಯ ಬಟ್ಟೆಯ ತುಂಡೊಂದರ ಮೇಲೆ ಕತ್ತರಿ ಆಡಿಸಿದರು. ಜಂಪರಿನ ಕೊರಳು ಸೊಟ್ಟಗಾಯಿತು. ಇನ್ನೊಂದು ತುಂಡು ತೆಗೆದುಕೊಂಡರು. ಅದೂ ಸೊಟ್ಟ.

"ಸತ್ತೈತ್ರಿ, ಅಧ್ಯಕ್ಷರ," ಎಂದರು.

ಟೇಲರುಗಳ ಕೈಚಳಕವನ್ನೆಲ್ಲ ಒಂದೆಡೆ ಕೂಡಿಟ್ಟು, ಕಲಿಯುವವರಿಗೆ ಹಂಚಬೇಕೆಂಬುದು ನನ್ನ ಕನಸಾಗಿತ್ತು. ಮಾಬೂಬಿ ಅಕ್ಕನೂ ಸೇರಿ ನಮ್ಮ ಸಂಘದ ನಲವತ್ತು ಜನ ಆರು ತಿಂಗಳ ಮಟ್ಟಿಗೆಂದು ತಮ್ಮದನ್ನು ಭರಣಿಗಿಳಿಸಿ ಕೊಟ್ಟರು. ಗದಗವೊಂದೇ ಸಾಕಿತ್ತು, ನಾನು ಎಲ್ಲ ಜಿಲ್ಲೆಗಳೂ ಬೇಕೆಂದೆ. ಬಂದವರನ್ನೆಲ್ಲ ಸಂಚಾಲಕರನ್ನಾಗಿ ಮಾಡಿದೆ. ಒಳಗಿನದು ಸಾಯದಂತೆ ವಾರಕ್ಕೊಮ್ಮೆ ಭರಣಿಗಳನ್ನು ಕುಲುಕಬೇಕೆಂದು ಪ್ರತಿ ಸಭೆಯಲ್ಲೂ ಠರಾವು ಮಾಡಿದೆವು. ಕುಲುಕುವವರು ಮಾತ್ರ ಯಾರೂ ಇರಲಿಲ್ಲ. ಹಾಗೇ ಮೂರು ವರ್ಷ ಕಳೆಯಿತು.

ಚೀಲದಿಂದ ಖಾಲಿ ಭರಣಿಯೊಂದನ್ನು ತೆಗೆದು ಅವರ ಮುಂದಿಟ್ಟೆ.

"ಅಕ್ಕಾರ, ನನ್ನ ಕೈಚಳಕ ತಗೋರಿ. ಈಗ ಇಳಿಸಿ ಕೊಡ್ತೀನಿ."

"ಅವತ್ತು ನಿಮ್ದು ಇಳಿಸಿದ್ದಿಲ್ಲೇನ್ರಿ?"

ಅವರ ಮುಖ ನೋಡಲಾಗಲಿಲ್ಲ. "ಇಲ್ರಿ. ನನಗ ಅಂಗಡಿ ಇತ್ತಲ್ರಿ."

"ನನಗೂ ಇತ್ತು."

ಅವರು ಹಳೆಯ ಜಂಪರೊಂದನ್ನು ಹೊಸ ಬಟ್ಟೆಯ ಮೇಲೆ ಹಾಸಿ, ಮೊನ್ನೆ ಕಲಿಯಲು ಬಂದವರ ಹಾಗೆ ಚಾಕ್‌ಪೀಸಿನಿಂದ ಅದರ ಅಂಚು ಎಳೆಯತೊಡಗಿದರು. ಗೆರೆ ನಡುಗುತ್ತಿತ್ತು. ತಲೆ ಎತ್ತದೆ ಹೇಳಿದರು:

"ನೀವು ಹೊಲಿದದ್ದನ್ನ ಬಿಚ್ಚಿ ಸರಿ ಮಾಡಿಸಾಕ ಮಂದಿ ನನ್ನ ಹತ್ರ ಬರ್ತಿದ್ರು. ನಿಮ್ಮ ಕೈ ನನಗ ಬ್ಯಾಡ್ರಿ."