ರಗ್ಗು ಹೊದ್ದ ಮಧ್ಯಾಹ್ನ

ದೇವರ ಮುಂದೆ ಸಾಂಬ್ರಾಣಿ ಹಾಕುತ್ತಿದ್ದಾಗ ಮಗಳ ಫೋನ್ ಬಂತು. "ಅಮ್ಮಾ, ನಂಗೆ ಥೈರಾಯ್ಡ್ ಕಮ್ಮಿಯಂತೆ" ಎಂದಳು. ಆ ಹೊಗೆಯಲ್ಲಿ ವಿಜಯನಗರದ ನಮ್ಮ ಹಳೇ ಮನೆ ಎದ್ದು ಬಂತು.

ಸುಡುಬೇಸಿಗೆಯ ಮಧ್ಯಾಹ್ನ. ನಮ್ಮಮ್ಮ ರಗ್ಗು ಹೊದ್ದು ಅಂಗಳದ ಬಿಸಿಲಲ್ಲಿ ಕೂತಿದ್ದಳು. ಮುಖ ಊದಿತ್ತು, ಹುಬ್ಬಿನ ತುದಿ ಉದುರಿಹೋಗಿತ್ತು. ಕೂಗಿದರೆ ಎಷ್ಟೋ ಹೊತ್ತಿನ ಮೇಲೆ ಗಂಡಸಿನಂಥ ದನಿ ಬರುತ್ತಿತ್ತು.

ಅಜ್ಜಿ ಅವಳ ಸುತ್ತ ಸಾಂಬ್ರಾಣಿ ಹೊಗೆ ಹಿಡಿದು, ಬೇವಿನ ಸೊಪ್ಪು ಎತ್ತಿದರು. "ಯಾವಳೇ ನೀನು? ನನ್ನ ಸೊಸೆ ಮೈಮೇಲೆ ಯಾಕೇ ಬಂದೆ?"

ಅಮ್ಮ ರೆಪ್ಪೆ ಬಡಿಯಲಿಲ್ಲ. "ನಾನೇ... ಅತ್ತೆ. ಚಳಿ" ಎಂದಿತು ಆ ದನಿ. ನಾನು ಬಾಗಿಲ ಹಿಂದೆ ಅವಿತೆ.

ಪಕ್ಕದ ಮನೆಗೆ ಬಂದಿದ್ದ ಡಾಕ್ಟರಮ್ಮ ಇದನ್ನು ಕಂಡು ಒಳಬಂದರು. ಅಮ್ಮನ ಕತ್ತು ಮುಟ್ಟಿ, ನಾಡಿ ಹಿಡಿದರು. "ಸೊಪ್ಪು ಕೆಳಗಿಡಿ ಅಜ್ಜಿ. ದೆವ್ವ ಅಲ್ಲ, ಕತ್ತಲ್ಲಿರೋ ಥೈರಾಯ್ಡ್ ಗ್ರಂಥಿ ಸೋತಿದೆ. ರಕ್ತ ಪರೀಕ್ಷೆ ಮಾಡ್ಸಿ, ದಿನಾ ಮಾತ್ರೆ ಕೊಡೋಣ."

"ಮಾತ್ರೆಗೆ ಹೋಗೋದಾ ಇದು?" ಎಂದರು ಅಜ್ಜಿ.

ಮಾತ್ರೆ ಶುರುವಾಗಿ ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ, "ಹಲ್ಲು ಉಜ್ಜಿದ್ಯೇನೇ?" ಎಂದು ಹಿತ್ತಲಿಂದ ಅಮ್ಮನ ಹಳೇ ದನಿ ಕೇಳಿಸಿತು.

"ಇನ್ನೊಂದ್ಸಲ ಮಾತಾಡೇ" ಎಂದೆ ಫೋನಿನಲ್ಲಿ ಮಗಳಿಗೆ.

"ಏನಮ್ಮಾ?" ಎಂದಳು.

ಶಿವನ ದಯೆ, ದನಿ ಇನ್ನೂ ಅವಳದೇ ಇತ್ತು. ಅಕ್ಕಿ ತೊಳೆಯಲು ಎದ್ದೆ.