ಕತ್ತೆಯ ಅವಳಿ ತಮ್ಮ

"ನೋವಾದ್ರೆ ಎಡಗೈ ಎತ್ತಿ, ಸಾಕು. ಬಾಯಿ ಮಾತ್ರ ಮುಚ್ಚಬೇಡಿ," ಎಂದು ಡಾಕ್ಟರಮ್ಮ ಕಥೆಗಾರನ ದವಡೆ ಹಲ್ಲಿಗೆ ಕೊರೆಯುವ ಯಂತ್ರ ಇಟ್ಟರು. ರೋಗಿಯ ಗಮನ ಬೇರೆ ಕಡೆ ಹರಿಯಲಿ ಎಂದು ಹಲ್ಲು ಕೊರೆಯುತ್ತಲೇ ನರ್ಸ್ ಜೊತೆ ಸಿನಿಮಾ ಮಾತಾಡುವುದು ಅವರ ಪದ್ಧತಿ. ಅರ್ಧ ಮದ್ದು ಸೂಜಿಯಲ್ಲಿ, ಇನ್ನರ್ಧ ಹರಟೆಯಲ್ಲಿ ಎಂದು ನಂಬಿದವರು. ಇವತ್ತು ಹರಟೆ ಹೋಗಿ ಹೋಗಿ ಆ ನಿಧಿ ಹುಡುಕುವ ಸಾಹಸದ ಸಿನಿಮಾದ ಮೇಲೆ ಬಿತ್ತು.

ಅದರ ಎರಡೂ ಭಾಗ ಬರೆದವನು ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾನೆಂದು ಅವರಿಬ್ಬರಿಗೂ ಗೊತ್ತಿರಲಿಲ್ಲ. ಕಥೆ ಬರೆದವನ ಮುಖ ಯಾರು ನೋಡುತ್ತಾರೆ? ಮೂರನೇ ಭಾಗ ಬರೆಯುತ್ತಾನೋ ಇಲ್ಲವೋ ಎಂದು ಅವನು ಸಂಜೆಯೊಳಗೆ ನಿರ್ಮಾಪಕರಿಗೆ ಹೇಳಬೇಕಿತ್ತು. ಎರಡನೆಯದರಲ್ಲಿ ಹೋದ ಮಾನವನ್ನು ಮೂರನೆಯದರಲ್ಲಿ ವಾಪಸ್ ತರುವ ಆಸೆ ಹಲ್ಲುನೋವಿಗಿಂತ ಜೋರಾಗಿತ್ತು. ಆದರೆ ಹೆಂಡತಿ ಬೆಳಿಗ್ಗೆಯೇ, "ಉಳಿದಿರೋ ಹೆಸರನ್ನಾದ್ರೂ ಉಳಿಸ್ಕೊಳ್ಳಿ," ಎಂದಿದ್ದಳು.

"ಮೊದಲನೇ ಭಾಗ ಅಂದ್ರೆ ಸಿನಿಮಾ, ಮೇಡಂ," ನರ್ಸ್ ಕೆನ್ನೆಯೊಳಗೆ ಹತ್ತಿ ತುರುಕುತ್ತಾ ಅಂದಳು. "ಹಗ್ಗದ ಸೇತುವೆ ಮೇಲೆ ಆ ಕತ್ತೆ, ಯಜಮಾನ ದಾಟೋವರೆಗೂ ಅಲ್ಲಾಡದೆ ನಿಂತು, ಆಮೇಲೆ ಸೇತುವೆ ಸಮೇತ ಬಿದ್ದು ಹೋಗುತ್ತಲ್ಲ... ನಮ್ಮ ಮನೆಯವರು ಅವರಪ್ಪ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ."

"ಎರಡನೇದರಲ್ಲಿ ಅದರ ಅವಳಿ ತಮ್ಮ ಬಂತಲ್ಲ! ಕತ್ತೆಗೆ ಅವಳಿ ತಮ್ಮ! ಹೆತ್ತ ಕತ್ತೆಗೂ ಗೊತ್ತಿರ್ಲಿಲ್ಲ ಅನ್ಸುತ್ತೆ."

ಕಥೆಗಾರ ಎಡಗೈ ಎತ್ತಿದ. ಮಕ್ಕಳಿಗೆ ಕತ್ತೆ ಬೇಕೇ ಬೇಕು ಎಂದು ಹಟ ಹಿಡಿದವರು ನಿರ್ಮಾಪಕರು ಎಂದು ಹೇಳುವುದಿತ್ತು.

"ನೋವಾಯ್ತಾ? ಇರಿ," ಎಂದು ಡಾಕ್ಟರಮ್ಮ ಒಸಡಿಗೆ ಇನ್ನೊಂದು ಸೂಜಿ ಚುಚ್ಚಿದರು. "ಆ ಹೀರೋ ಕಥೆ ನೋಡು. ಮೊದಲನೇದರಲ್ಲಿ ನಕ್ಷೆ ತಲೆಕೆಳಗಾಗಿ ಹಿಡಿದು ಓದ್ತಿದ್ದ. ಎರಡನೇದರಲ್ಲಿ ಹೆಲಿಕಾಪ್ಟರ್ ಓಡಿಸ್ತಾನೆ. ಯಾವಾಗ ಕಲಿತ?"

"ಇಂಟರ್ವಲ್‌ನಲ್ಲಿ. ಇದನ್ನ ಬರೆದವನು ಬೇರೆ ಯಾರೋ ಇರಬೇಕು, ಮೇಡಂ. ಮೊದಲನೇದು ಬರೆದ ಪುಣ್ಯಾತ್ಮ ತೀರಿಕೊಂಡಿರಬೇಕು."

"ಇದನ್ನ ನೋಡೋಕೆ ಮುಂಚೆ ಹೋದ. ಒಳ್ಳೇದೇ ಆಯ್ತು."

ಕೈ ಮತ್ತೆ ಮೇಲೇರಿತು. ಮತ್ತೊಂದು ಸೂಜಿ. ಈಗ ಕೆಳದುಟಿ ತನ್ನದೋ ಪಕ್ಕದ ಮನೆಯವರದೋ ಕಥೆಗಾರನಿಗೆ ತಿಳಿಯದಾಯಿತು. ನಾಲಿಗೆ ಒದ್ದೆ ಬಟ್ಟೆಯಂತೆ ಬಿದ್ದುಕೊಂಡಿತು. ನೋವು ಉಳಿದದ್ದು ಕಿವಿಗಳಲ್ಲಿ ಮಾತ್ರ.

"ಮೂರನೇದು ಬರುತ್ತಂತೆ. ನೋಡ್ತೀರಾ?"

"ಕೈ ಹಿಡಿದು ಎಳೆದ್ರೂ ಹೋಗಲ್ಲ. ಒಂದು ಸಲ ಕೆಡಿಸಿದವನ ಕೈಗೆ ಅದೇ ಕೆಲಸ ಮತ್ತೆ ಕೊಡ್ತಾರಾ ಯಾರಾದ್ರೂ?"

ಈ ಸಲ ಕೈ ಏಳಲಿಲ್ಲ. ಮಾತು ಸರಿಯಾದ ಜಾಗಕ್ಕೇ ನಾಟಿತ್ತು. ಬರೆಯುವುದಿಲ್ಲ ಎಂದು ಕಥೆಗಾರ ಮಲಗಿದಲ್ಲೇ ತೀರ್ಮಾನಿಸಿದ. ಕಣ್ಣಂಚಿನಿಂದ ಇಳಿದ ನೀರನ್ನು ನರ್ಸ್ ಹಲ್ಲಿನ ಲೆಕ್ಕಕ್ಕೆ ಹಾಕಿ ಒರೆಸಿದಳು.

ಹಳೆಯ ಸಿಮೆಂಟ್ ಕಿತ್ತು ಬರುತ್ತಲೇ ಡಾಕ್ಟರಮ್ಮ ಮುಖ ಸಿಂಡರಿಸಿದರು. "ಥೂ, ಯಾವನು ತುಂಬಿದ್ದು ಈ ಹಲ್ಲನ್ನ? ಹುಳುಕು ಒಳಗೇ ಬಿಟ್ಟು, ಮೇಲೆ ಬಳಿದು ಕೈ ತೊಳ್ಕೊಂಡಿದ್ದಾನೆ!"

ಕಥೆಗಾರ ಕೈ ಎತ್ತಿದ. ಡಾಕ್ಟರಮ್ಮ ಸೂಜಿ ಹುಡುಕಿದರು. ಅವನು ಬೇಡ ಬೇಡವೆಂದು ತಲೆಯಾಡಿಸಿ, ಎತ್ತಿದ ಕೈಯ ಬೆರಳನ್ನು ನೇರವಾಗಿ ಅವರ ಕಡೆಗೇ ಚಾಚಿದ.

ನರ್ಸ್ ಬಗ್ಗಿ ರೋಗಿಯ ಮುಖ ದಿಟ್ಟಿಸಿದಳು. "ಅಯ್ಯೋ, ಹೌದು ಮೇಡಂ! ಹೋದ ವರ್ಷ ಬಂದಿದ್ರಲ್ಲ, ದಪ್ಪ ಮೀಸೆಯವರು. ಮೀಸೆ ತೆಗೆಸಿದ್ದಾರೆ. ನೀವೇ ತುಂಬಿದ್ದು."

ಯಂತ್ರ ನಿಂತಿತು. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ತಟ್ಟೆಯ ನೊಣ ತೋರಿಸಿದವರ ಮುಖ ಹೇಗಿರುತ್ತದೋ, ಡಾಕ್ಟರಮ್ಮನ ಮುಖ ಹಾಗೇ ಇತ್ತು.

"ಅವತ್ತು ಹೊರಗೆ ಬೆಂಚ್ ತುಂಬಾ ಜನ," ಎಂದರು ಕೊನೆಗೆ. "ಬೇಗ ಮುಗಿಸಿ, ಬೇಗ ಮುಗಿಸಿ ಅಂತ ಒಂದೇ ಸಮ. ಒಳಗೆ ಇನ್ನೂ ಸ್ವಲ್ಪ ಹುಳುಕಿದೆ ಅಂತ ನನಗೂ ಗೊತ್ತಿತ್ತು. ಮುಚ್ಚಿಬಿಟ್ಟೆ." ದನಿ ಇಳಿದಿತ್ತು. "ಇನ್ನೊಂದು ಸಲ ನನಗೇ ಕೊಡಿ. ಈ ಸಲ ಸರಿಯಾಗಿ ಮಾಡ್ತೀನಿ."

ಕಥೆಗಾರನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಗೊತ್ತಿದ್ದೂ ಮುಚ್ಚಿಬಿಟ್ಟೆ ಎಂಬ ಮಾತನ್ನು, ತನ್ನ ಎರಡನೇ ಭಾಗದ ಬಗ್ಗೆ, ಅವನು ಹೆಂಡತಿಯ ಎದುರೂ ಇಷ್ಟು ನೇರವಾಗಿ ಒಪ್ಪಿಕೊಂಡಿರಲಿಲ್ಲ. ಕನಿಕರ ಹುಟ್ಟಿತು, ಆಕೆಯ ಮೇಲೂ ತನ್ನ ಮೇಲೂ. ಹಿಂದಕ್ಕೊರಗಿ ಮತ್ತೆ ಬಾಯಿ ತೆರೆದ.

ಅಷ್ಟರಲ್ಲಿ ಅವನ ಜೇಬಿನ ಫೋನ್ ಬಡಿದುಕೊಂಡಿತು. ಕಿವಿಗಿಟ್ಟು ಏನೋ ಹೇಳಹೋದ. ಬಂದದ್ದು ಬರೀ ಜೊಲ್ಲು. ನರ್ಸ್ ಫೋನ್ ತೆಗೆದುಕೊಂಡು ಸ್ಪೀಕರ್ ಒತ್ತಿದಳು.

"ಏನ್ ಕಥೆಗಾರ್ರೇ, ಸಂಜೆ ಆಯ್ತು!" ನಿರ್ಮಾಪಕರ ಗಂಟಲು ಕೋಣೆ ತುಂಬಿತು. "ನಿಧಿ ಸಿನಿಮಾದ ಮೊದಲೆರಡೂ ನೀವೇ ಬರೆದಿದ್ದೀರಿ ಅಂತ ಮೂರನೇದಕ್ಕೂ ನಿಮ್ಮನ್ನೇ ಕೇಳ್ತಿದ್ದೀನಿ. ಬರೀತೀರೋ ಇಲ್ವೋ, ಈಗ್ಲೇ ಹೇಳಿ. ಮುಂದಿನ ತಿಂಗಳೇ ಶೂಟಿಂಗ್!"

ನರ್ಸ್ ಕೈಯ ಹತ್ತಿ ನೆಲಕ್ಕೆ ಬಿತ್ತು. ಕಥೆಗಾರ ಬೇಕೆಂದೂ ತಲೆಯಾಡಿಸಲಿಲ್ಲ, ಬೇಡವೆಂದೂ ಆಡಿಸಲಿಲ್ಲ, ಡಾಕ್ಟರಮ್ಮನನ್ನೇ ನೋಡಿದ. ಅವರೂ ನೋಡಿದರು: ಜೋತುಬಿದ್ದ ತುಟಿ, ತೆರೆದ ಬಾಯಿ, ಅದರೊಳಗೆ ತಾವೇ ಕೆಡಿಸಿದ ಹಲ್ಲು. ಆಮೇಲೆ ಫೋನಿನ ಹತ್ತಿರ ಬಗ್ಗಿದರು.

"ಬರೀತಾರೆ," ಎಂದರು. "ಆದ್ರೆ ನೀವು ಅವಸರ ಮಾಡೋ ಹಾಗಿಲ್ಲ."